ಎಂಬಿಬಿಎಸ್ ಮುಗಿಸಿ ಡಿಎನ್‌ಎ ರಿಪೇರಿ ಸಂಶೋಧನೆಗೆ ಹೋಗುವುದು ಹುಚ್ಚುತನವೇ?

ಡಾಕ್ಟರಿಕೆ ಬಿಟ್ಟು ಲ್ಯಾಬ್ ಸೇರಿದರೆ ಓದಿದ್ದೆಲ್ಲ ನೀರುಪಾಲು ಅಂತ ಮನೆಯವರು ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನೂ ಬ್ಯಾಕ್ಟೀರಿಯಾ ಬೆಳೆಸಿಕೊಂಡೇ ಹೊಟ್ಟೆ ಹೊರೆಯುವವನು. ಅವರಿಗೆ ಡಾಕ್ಟರಿಕೆ ಬಿಟ್ಟು ಇದೇ ಸಂಶೋಧನೆಗೆ ಹೋದ ಅಜೀಜ್ ಸಂಜಾರ್ ಕಥೆ ಹೇಳಿ.

1946ರಲ್ಲಿ ಟರ್ಕಿಯ ಸಾವುರ್‌ನಲ್ಲಿ ಹುಟ್ಟಿದವರು. ತಂದೆತಾಯಿಗೆ ಓದುಬರಹ ಗೊತ್ತಿರಲಿಲ್ಲ. ಇಸ್ತಾಂಬುಲ್‌ನಲ್ಲಿ ವೈದ್ಯಕೀಯ ಓದಿ, ಊರ ಕಡೆಯೇ ಒಂದೆರಡು ವರ್ಷ ಡಾಕ್ಟರಾಗಿದ್ದರು. ಆದರೆ ತಲೆಗೆ ಹೊಕ್ಕಿದ್ದು ಬೇರೆ: ನೇರಳಾತೀತ ಕಿರಣ ಬಿದ್ದು ಡಿಎನ್‌ಎ ಹಾಳಾಗಿ ಸಾಯಬೇಕಾದ ಬ್ಯಾಕ್ಟೀರಿಯಾ, ನೀಲಿ ಬೆಳಕು ಬಿಟ್ಟರೆ ಎದ್ದು ಕೂರುತ್ತದೆ! ಇದರ ಬೆನ್ನು ಹತ್ತಿ ಅಮೆರಿಕದ ಡಲ್ಲಾಸ್‌ಗೆ, ಇದೇ ವಿಷಯದ ಸಂಶೋಧಕ ಕ್ಲಾಡ್ ರೂಪರ್ಟ್ ಅವರ ಲ್ಯಾಬಿಗೆ ಹೋದರು. ಆ ಬೆಳಕಿನಲ್ಲಿ ಡಿಎನ್‌ಎ ರಿಪೇರಿ ಮಾಡುವ ಫೋಟೋಲೈಯೇಸ್ ಎಂಬ ಕಿಣ್ವದ ಜೀನನ್ನು ಕ್ಲೋನ್ ಮಾಡಿ (ಬೇರ್ಪಡಿಸಿ ನಕಲು ತೆಗೆದು) 1977ರಲ್ಲಿ ಪಿಎಚ್‌ಡಿ ಪಡೆದರು.

ನಿಮಗೆ ಬೇಕಾದ ಭಾಗ ಇದರ ನಂತರದ್ದು. ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನಾ ಕೆಲಸಕ್ಕೆ) ಹಾಕಿದ ಮೂರು ಅರ್ಜಿಯೂ ತಿರಸ್ಕಾರವಾದವು. ಆ ವಿಷಯ ಆಗ ಯಾರಿಗೂ ಬೇಕಿರಲಿಲ್ಲ. ಎಂ.ಡಿ., ಪಿಎಚ್‌ಡಿ ಎರಡೂ ಇದ್ದ ಮನುಷ್ಯ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿಕೊಂಡರು. ಅಲ್ಲಿ ಸಿಕ್ಕಿದ್ದು ಕತ್ತಲಲ್ಲೂ ನಡೆಯುವ ಇನ್ನೊಂದು ರಿಪೇರಿ. ಯುವಿಆರ್‌ಎ, ಬಿ, ಸಿ ಎಂಬ ಮೂರು ಪ್ರೋಟೀನುಗಳನ್ನು ಶುದ್ಧ ಮಾಡಿ, ಅವು ಹಾನಿಯಾದ ಜಾಗದ ಎರಡೂ ಬದಿಗೆ ಕತ್ತರಿ ಹಾಕಿ 12-13 ನ್ಯೂಕ್ಲಿಯೊಟೈಡ್‌ಗಳ (ಡಿಎನ್‌ಎ ಸರಪಳಿಯ ಕೊಂಡಿಗಳ) ತುಂಡನ್ನೇ ಎತ್ತಿಬಿಡುತ್ತವೆ ಎಂದು ತೋರಿಸಿದರು. ಆ ಪ್ರಬಂಧ ಬಂದದ್ದು 1983ರಲ್ಲಿ. ಅಷ್ಟರಲ್ಲಿ ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ ಸ್ವಂತ ಲ್ಯಾಬ್ ಆಗಿತ್ತು. 2015ರಲ್ಲಿ ಥಾಮಸ್ ಲಿಂಡಾಲ್, ಪಾಲ್ ಮಾಡ್ರಿಚ್ ಜೊತೆ ರಸಾಯನಶಾಸ್ತ್ರದ ನೊಬೆಲ್ ಬಂತು, ಸರಿ. ಆದರೆ ಮನೆಯಲ್ಲಿ ನೊಬೆಲ್ ತೋರಿಸಿ ವಾದ ಮಾಡಬೇಡಿ, ಅದು ಲಾಟರಿ. ಯೇಲ್‌ನ ಐದು ವರ್ಷ ನಿಮಗೆ ಒಪ್ಪಿಗೆಯಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಓದಿದ್ದು ವ್ಯರ್ಥವಾಗುತ್ತೆ ಅನ್ನೋ ಮಾತನ್ನಂತೂ ನಾನು ಒಪ್ಪಲ್ಲ. ಮನುಷ್ಯರಲ್ಲಿ ಇದೇ ಕತ್ತರಿಸುವ ವ್ಯವಸ್ಥೆ ಹುಟ್ಟಿನಿಂದಲೇ ಕೆಟ್ಟಿದ್ದರೆ ಬರುವ ಕಾಯಿಲೆ ಜೀರೋಡರ್ಮಾ ಪಿಗ್ಮೆಂಟೋಸಂ. ಬಿಸಿಲು ತಾಗಿದರೆ ಚರ್ಮದ ಕ್ಯಾನ್ಸರ್. ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿ ಕೊಟ್ಟಾಗ ಅದು ಡಿಎನ್‌ಎಗೆ ಮಾಡುವ ಹಾನಿಯನ್ನು ಕ್ಯಾನ್ಸರ್ ಕೋಶ ಸರಿಪಡಿಸಿಕೊಳ್ಳುವುದೂ ಈ ದಾರಿಯಲ್ಲೇ. ರೋಗಿಯನ್ನು ಮುಟ್ಟಿ ನೋಡಿದವರು ಕೇಳುವ ಪ್ರಶ್ನೆ ನನ್ನಂಥವರಿಗೆ ಹೊಳೆಯುವುದೇ ಇಲ್ಲ.

ದೂರ ಹೋಗಬೇಕಾಗಿಲ್ಲ, ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಾದ ಐಐಎಸ್‌ಸಿ, ಎನ್‌ಸಿಬಿಎಸ್ ಎರಡರಲ್ಲೂ ಡಿಎನ್‌ಎ ರಿಪೇರಿ ಮೇಲೆ ಕೆಲಸ ಮಾಡುವವರಿದ್ದಾರೆ. ಇಂಟರ್ನ್‌ಶಿಪ್ ಮುಗಿಸಿ, ಮೆಡಿಕಲ್ ಕೌನ್ಸಿಲ್ ರಿಜಿಸ್ಟ್ರೇಷನ್ ಮಾಡಿಸಿಕೊಂಡು, ಆಮೇಲೆ ಪ್ರಾಜೆಕ್ಟ್ ಅಸಿಸ್ಟೆಂಟ್ ಕೆಲಸಕ್ಕೆ ಪತ್ರ ಬರೆಯಿರಿ. ಸಂಬಳ ನೋಡಿ ಬೇಸರವಾಗುತ್ತೆ, ಮೊದಲೇ ಹೇಳಿದ್ದೀನಿ. ಒಂದು ವರ್ಷಕ್ಕೆ ಸಾಕಪ್ಪಾ ಅನ್ನಿಸಿದರೆ ಕ್ಲಿನಿಕ್‌ಗೆ ವಾಪಸ್ ಹೋಗಿ. ರಿಜಿಸ್ಟ್ರೇಷನ್ ಎಲ್ಲೂ ಓಡಿಹೋಗಲ್ಲ.