ಸಣ್ಣ ಊರಲ್ಲಿ ಗೊತ್ತಿಲ್ಲದವರು ಊಟಕ್ಕೆ ಕರೆದರೆ ನಯವಾಗಿ ತಪ್ಪಿಸಿಕೊಳ್ಳುವುದು ಹೇಗೆ?

ಹದಿನೈದು ದಿನ ಕೆಲಸದ ಮೇಲೆ ಕುಕನೂರಿಗೆ ಹೋಗುತ್ತಿದ್ದೀರಿ, ಅಲ್ಲಿ ಗುರುತಿಲ್ಲದವರೂ ಮನೆಗೆ ಕರೆಯುತ್ತಾರಂತೆ, ಯಾರಿಗೂ ಬೇಜಾರಾಗದ ಹಾಗೆ ತಪ್ಪಿಸಿಕೊಳ್ಳಬೇಕು ಅಂತ ಕೇಳಿದ್ದೀರಿ. ಪ್ರಶ್ನೆ ಓದಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅದೇ ಊರು, ಅದೇ ಯೋಚನೆ. ನಾನು ನಯವಾಗಿಯೇ ತಪ್ಪಿಸಿಕೊಂಡಿದ್ದೆ. ಏನಾಯಿತು ಅಂತ ಹೇಳುತ್ತೇನೆ, ಆಮೇಲೆ ನೀವೇ ನೋಡಿ.

2017ರ ಫೆಬ್ರವರಿ. ನನಗೆ ಆಗ 23 ವರ್ಷ. ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರಿನ ರಾಜಾಜಿನಗರ. ಮೈಸೂರು, ಹಾಸನ ಬಿಟ್ಟರೆ ಕರ್ನಾಟಕ ಅಂತ ಹೆಚ್ಚು ನೋಡಿರಲಿಲ್ಲ. ಆರ್ಕಿಟೆಕ್ಚರ್ ಕೊನೇ ವರ್ಷ, ಪ್ರಾಜೆಕ್ಟಿಗೆ ಇಟಗಿಯ ಮಹಾದೇವ ದೇವಸ್ಥಾನ ಆರಿಸಿಕೊಂಡಿದ್ದೆ. ಕಲ್ಯಾಣ ಚಾಲುಕ್ಯರ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಅದು. ಅಲ್ಲಿಯ ಶಾಸನವೇ ಅದನ್ನು 'ದೇವಾಲಯ ಚಕ್ರವರ್ತಿ' ಅನ್ನುತ್ತದೆ. ಎಲ್ಲರೂ ಹಂಪಿ ನೋಡಿ ವಾಪಸ್ ಬಂದುಬಿಡುತ್ತಾರೆ, ಇಷ್ಟು ಹತ್ತಿರದ ಇಟಗಿಗೆ ಹೋಗುವುದಿಲ್ಲ. ನನಗೆ ಇದು ಈಗಲೂ ಸಂಕಟದ ವಿಷಯ.

ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕೂತು ಬೆಳಿಗ್ಗೆ ಕೊಪ್ಪಳದಲ್ಲಿ ಇಳಿದೆ. ಅಲ್ಲಿಂದ ಇಟಗಿಗೆ ಹತ್ತಿರದ ಕುಕನೂರಿಗೆ ಬಸ್. ಪಕ್ಕದಲ್ಲಿ ಐವತ್ತು ದಾಟಿದ ಹೆಂಗಸು, ಮಡಿಲಲ್ಲಿ ಹಸಿ ಕಡಲೆ ಗಿಡದ ಕಟ್ಟು. ಬಸ್ ಊರು ದಾಟುವುದರೊಳಗೆ ಒಂದಿಷ್ಟು ಗಿಡ ಮುರಿದು ನನ್ನ ಕೈಗೆ ಕೊಟ್ಟು ಕೇಳಿದರು, "ಯಾರ ಮನಿಗೆ ಹೊಂಟೀಯವ್ವಾ?"

ಯಾರ ಮನೆಗೂ ಇಲ್ಲ, ರೂಮ್ ಮಾಡಿದ್ದೀನಿ ಅಂದೆ.

"ಯಾರೂ ಇಲ್ದ ಊರಿಗೆ ಒಬ್ಬಾಕೀನ ಹೊಂಟೀಯಾ?" ಅಂದರು. ಅವರ ಮುಖದಲ್ಲಿ ಇದ್ದದ್ದು ಕುತೂಹಲ ಅಲ್ಲ, ಚಿಂತೆ. ಇಳಿಯುವ ಮುಂಚೆ ಕಂಡಕ್ಟರಿಗೆ, ಈ ಹುಡುಗಿಯನ್ನು ಸರಿಯಾದ ಕಡೆ ಇಳಿಸು ಅಂತ ಎರಡು ಸಲ ಹೇಳಿ ಹೋದರು.

ಕುಕನೂರು ಆಗ ನನಗೆ ಏನೂ ಅಲ್ಲದ ಊರು. ಬಸ್ ಸ್ಟ್ಯಾಂಡ್, ಸುತ್ತ ಅಂಗಡಿಗಳು, ಊರ ಹೊರಗೆಲ್ಲ ಎರೆ ಭೂಮಿ. ಆದರೆ ಊರಲ್ಲೇ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳಿವೆ, ಒಂಬತ್ತು ಲಿಂಗ, ಒಂದಕ್ಕೊಂದು ಅಂಟಿಕೊಂಡ ಗರ್ಭಗುಡಿಗಳು. ಅದೇ ಆವರಣದಲ್ಲಿ ಮಹಾಮಾಯೆಗೆ ಈಗಲೂ ದಿನಾ ಪೂಜೆ ನಡೆಯುತ್ತದೆ. ಜನ ಬರುತ್ತಾರೆ, ಕಾಯಿ ಒಡೆಸುತ್ತಾರೆ, ಗೋಡೆಗೆ ಒರಗಿ ಕೂತು ಮಾತಾಡುತ್ತಾರೆ. ಬೇಲಿ ಹಾಕಿ ಬೋರ್ಡ್ ನೆಟ್ಟ ಸ್ಮಾರಕಗಳನ್ನೇ ನೋಡಿದ್ದ ನನಗೆ ಇದು ಹೊಸದು.

ಎರಡನೇ ದಿನ ನನ್ನ ಹಸಿರು ಬ್ಯಾಗಿನ ಪಟ್ಟಿ ಕಿತ್ತುಹೋಯಿತು. ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಟೇಲರ್ ಇದ್ದರು. ಮದುವೆ ಸೀಸನ್ನು, ಹೊಲಿಯಬೇಕಾದ ಕುಪ್ಪಸಗಳ ರಾಶಿ ಪಕ್ಕದಲ್ಲೇ ಇತ್ತು. ಅದನ್ನೆಲ್ಲ ಸರಿಸಿ, ಎರಡೆರಡು ಸಲ ಹೊಲಿಗೆ ಹಾಕಿ ಕೊಟ್ಟರು. ದುಡ್ಡು ಎಷ್ಟು ಅಂದೆ. "ನಮ್ಮ ಊರಿಗೆ ಬಂದೀರಿ ಅಕ್ಕಾರ, ಇದಕ್ಕೇನು ರೊಕ್ಕ" ಅಂದರು. ಆಮೇಲೆ ಚಾ ತರಿಸಿದರು. ಯಾವ ಊರು, ತಂದೆ ಏನು ಮಾಡುತ್ತಾರೆ, ಎಷ್ಟು ಜನ ಮಕ್ಕಳು, ಕಲ್ಲಿನ ಚಿತ್ರ ಬರೆದರೆ ಪಗಾರ ಕೊಡುತ್ತಾರಾ, ಎಲ್ಲ ಕೇಳಿದರು. ಕೊನೆಗೆ ಅಂದರು, "ನಾಳಿಗೆ ಮಧ್ಯಾಹ್ನ ಮನಿಗೆ ಊಟಕ್ಕ ಬರ್ರಿ. ನಮ್ಮ ಅವ್ವಗೂ ನಿಮ್ಮ ಚಿತ್ರ ತೋರಸ್ರಿ."

ನಾನು ನಕ್ಕು, "ಅಯ್ಯೋ, ಖಂಡಿತಾ ಬರ್ತೀನಿ" ಅಂದೆ.

ಇದೇ ನನ್ನ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನೀವು ಮಾಡಲು ಹೊರಟಿರುವುದೂ ಇದನ್ನೇ.

ಬೆಂಗಳೂರಲ್ಲಿ ನಾವು 'ಒಂದ್ಸಲ ಮನೆಗೆ ಬನ್ನಿ' ಅನ್ನುತ್ತೇವೆ. ಎದುರಿನವರು 'ಖಂಡಿತಾ' ಅನ್ನುತ್ತಾರೆ. ಇಬ್ಬರಿಗೂ ಗೊತ್ತು, ಯಾರೂ ಬರುವುದಿಲ್ಲ. ಅದು ಊಟದ ಮಾತೇ ಅಲ್ಲ, ಹೊರಡುವಾಗ ಆಡುವ ಮಾತು. ಯಾವ ವಾರ, ಎಷ್ಟು ಗಂಟೆಗೆ ಅಂತ ಕೇಳಿ ಫೋನ್ ಬರುವವರೆಗೆ ಅದು ಲೆಕ್ಕಕ್ಕೆ ಇಲ್ಲ. ನಾನು ಇದನ್ನು ಮರ್ಯಾದೆ ಅಂದುಕೊಂಡೇ ಬೆಳೆದವಳು. ಮುಖಕ್ಕೆ ಹೊಡೆದ ಹಾಗೆ 'ಆಗಲ್ಲ' ಅನ್ನುವುದು ಒರಟು, ಹೂಂ ಅಂದು ಜಾರಿಕೊಳ್ಳುವುದು ನಯ. ಅಷ್ಟೇ ಗೊತ್ತಿದ್ದದ್ದು.

ಟೇಲರ್ ಹೇಳಿದ್ದರಲ್ಲಿ ದಿನ ಇತ್ತು, ಹೊತ್ತು ಇತ್ತು, ಯಾರು ಕಾಯುತ್ತಾರೆ ಅನ್ನುವುದೂ ಇತ್ತು. ನಾನು ಕೇಳಿಸಿಕೊಳ್ಳಲಿಲ್ಲ. ಆ ಊರಲ್ಲಿ 'ಬರ್ತೀನಿ' ಅಂದರೆ ಅದು ಸೀದಾ ಅಡುಗೆಮನೆಗೆ ಹೋಗುತ್ತದೆ. ಎಷ್ಟು ಜೋಳದ ಹಿಟ್ಟು ತೆಗೆಯಬೇಕು, ಎಷ್ಟು ರೊಟ್ಟಿ ಬಡಿಯಬೇಕು ಅಂತ ಲೆಕ್ಕ ಶುರುವಾಗುತ್ತದೆ. ಸಣ್ಣ ಬದನೆಕಾಯಿ ತರಿಸುತ್ತಾರೆ, ಎಣ್ಣೆಗಾಯಿಗೆ ಶೇಂಗಾ, ಎಳ್ಳು ಹುರಿದು ಕುಟ್ಟುತ್ತಾರೆ. ಹಿಟ್ಟಿಗೆ ಕುದಿಯುವ ನೀರು ಹಾಕಿ, ಕೈ ಸುಟ್ಟುಕೊಂಡು ನಾದಿ, ಒಂದೊಂದೇ ರೊಟ್ಟಿ ಬಡಿದು ಬೇಯಿಸುವುದು ಎಷ್ಟು ಕೆಲಸ ಅಂತ ಆಮೇಲೆ ಒಂದು ಮನೆಯಲ್ಲಿ ಕೂತು ನೋಡಿದೆ. ಬಂದವರು ಉಣ್ಣದೆ ಮನೆಯವರು ಉಣ್ಣುವುದಿಲ್ಲ ಅಂತಲೂ ಆಗ ನನಗೆ ಗೊತ್ತಿರಲಿಲ್ಲ.

ಮರುದಿನ ಇಟಗಿಗೆ ಹೋದೆ. ಬಳಪದ ಕಲ್ಲಿನ ಕಂಬಗಳು, ಚಾಣದಲ್ಲಲ್ಲ, ತಿರುಗುವ ಯಂತ್ರದಲ್ಲಿ ಉಜ್ಜಿ ತೆಗೆದ ಹಾಗಿವೆ. ಬೆಳಕು ಓರೆಯಾದಾಗ ಒಂದೊಂದು ಅಂಚೂ ಬೇರೆ ಬೇರೆ ಕಾಣುತ್ತದೆ. ಒಂದು ಕಂಬ ಮುಗಿಸಿ ಇನ್ನೊಂದು ಹಿಡಿದೆ. ಮಧ್ಯಾಹ್ನ ಎರಡು ಬಾಳೆಹಣ್ಣು, ಒಂದು ಪ್ಯಾಕೆಟ್ ಬಿಸ್ಕತ್ತು. ಊಟದ ಮಾತು ನೆನಪಾಗಲಿಲ್ಲ ಅಂದರೆ ಸುಳ್ಳು. ನೆನಪಾಯಿತು. ಅವರು ಸುಮ್ನೆ ಮಾತಿಗೆ ಕರೆದಿರುತ್ತಾರೆ ಬಿಡು ಅಂದುಕೊಂಡೆ.

ಸಂಜೆ ಐದರ ಹೊತ್ತಿಗೆ ಕುಕನೂರಲ್ಲಿ ಬಸ್ ಇಳಿದೆ. ಹತ್ತು ವರ್ಷದ ಒಬ್ಬ ಹುಡುಗ ಕಟ್ಟೆ ಮೇಲೆ ಕೂತಿದ್ದ. ನನ್ನ ಬ್ಯಾಗ್ ನೋಡಿದ, ಎದ್ದ, ಓಡಿಹೋದ. ಟೇಲರ್ ಅಂಗಡಿ ಬಾಗಿಲು ಹಾಕಿತ್ತು. ಪಕ್ಕದ ಚಾದಂಗಡಿಯವರು ನನ್ನನ್ನು ನೋಡಿ, "ಎಲ್ಲಿಗೆ ಹೋಗಿದ್ರಿ ಅಕ್ಕಾರ? ನೀವು ಬರ್ತೀರಂತ ಹನ್ನೆರಡಕ್ಕ ಅಂಗಡಿ ಮುಚ್ಚಿ ಹೋಗ್ಯಾನ್ರಿ. ಇಟಗಿ ಬಸ್ ಬಂದಾಗೊಮ್ಮೆ ನೋಡಾಕ ಹುಡುಗನ್ನ ಕುಂದ್ರಿಸಿದ್ದ" ಅಂದರು.

ಮದುವೆ ಸೀಸನ್ನಿನಲ್ಲಿ, ಅಷ್ಟು ಬಟ್ಟೆ ರಾಶಿ ಬಿದ್ದಿರುವಾಗ, ಹನ್ನೆರಡಕ್ಕೆ ಅಂಗಡಿ ಮುಚ್ಚಿದ್ದರು.

ಐದು ನಿಮಿಷಕ್ಕೆ ಟೇಲರ್ ಬಂದರು, ಹಿಂದೆ ಆ ಹುಡುಗ. ನಾನು 'ತಪ್ಪಾಯ್ತು' ಅನ್ನಬೇಕಿತ್ತು. "ಕೆಲಸ ಜಾಸ್ತಿ ಆಗೋಯ್ತು, ಇನ್ನೊಂದ್ಸಲ ಬರ್ತೀನಿ" ಅಂದೆ. ಮತ್ತೆ ಅದೇ ಮಾತು! ಅವರು, "ಇರ್ಲಿ ಬಿಡ್ರಿ, ಕೆಲಸ ಅಂದ್ರ ಕೆಲಸ. ಊಟ ಮಾಡೀರಿಲ್ಲೋ?" ಅಂತ ಮಾತ್ರ ಕೇಳಿದರು. ಆಯ್ತು ಅಂದೆ. ಆಗಿರಲಿಲ್ಲ. ಆ ಹೊತ್ತಿಗೂ ಅವರ ಮನೆಯಲ್ಲಿ ನನ್ನ ಪಾಲಿನ ರೊಟ್ಟಿ ಇದ್ದವು.

ಉಳಿದ ಮೂರು ದಿನವೂ ಅವರು ನಕ್ಕು ಮಾತಾಡಿಸಿದರು. ಚಾ ಕುಡಿಸಿದರು. ಮನೆಗೆ ಮಾತ್ರ ಮತ್ತೆ ಕರೆಯಲಿಲ್ಲ. ಈಕೆಗೆ ಇಷ್ಟ ಇಲ್ಲ, ಮತ್ತೆ ಕರೆದು ಮುಜುಗರ ಮಾಡಬಾರದು ಅಂದುಕೊಂಡರು ಅನ್ನಿಸುತ್ತದೆ. ನಾನಾಗಿಯೇ ಹೋಗಿ ಬಾಗಿಲಲ್ಲಿ ನಿಲ್ಲಬಹುದಿತ್ತು. ಕರೆಯದೆ ಹೋಗುವುದು ಹೇಗೆ ಅಂತ ಸುಮ್ಮನಾದೆ, ಅದೂ ಬೆಂಗಳೂರಿನ ಲೆಕ್ಕವೇ.

ಹೊರಡುವ ದಿನ, ಬ್ಯಾಗ್ ಹೆಗಲಿಗೆ ಹಾಕಿಕೊಂಡು ಕೊಪ್ಪಳ ಬಸ್ಸಿನ ಬಾಗಿಲಲ್ಲಿ ನಿಂತಿದ್ದಾಗ ಚಾದಂಗಡಿಯವರು ಮಾತಿಗೆ ಮಾತು ಬಂದು ಹೇಳಿದರು: "ಅವರ ಅವ್ವಗ ಸಕ್ಕರಿ ಬ್ಯಾನಿ ಐತ್ರಿ. ಅವತ್ತು ನಾಕರ ತನಕ ಉಂಡಿಲ್ಲ ಆಕಿ. ಹುಡುಗಿ ದೂರದಿಂದ ಬಂದಾಳ, ಆಕಿ ಉಣ್ಣಲಿ ಮೊದಲ ಅಂತ ಕುಂತಿದ್ಳು." ಮನೆ ಎರಡು ಓಣಿ ಆಚೆ. ರಾತ್ರಿಗೆ ಟ್ರೈನಿತ್ತು. ಬಸ್ ಹೊರಟಿತು, ನಾನು ಹತ್ತಿದೆ.

2019ರ ನವೆಂಬರಲ್ಲಿ ಮತ್ತೆ ಹೋದೆ, ಆ ಮನೆಗಾಗಿಯೇ. ಟೇಲರ್ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ. ಮಕ್ಕಳ ಓದಿಗೆ ಅಂತ ಎಲ್ಲರೂ ಹುಬ್ಬಳ್ಳಿ ಸೇರಿದ್ದಾರೆ, ನಂಬರ್ ಬದಲಾಗಿದೆ ಅಂದರು. ಚಾದಂಗಡಿಯವರು ಗುರುತು ಹಿಡಿದರು. "ಉಂಡೀರೇನ್ರಿ?" ಅಂತ ಕೇಳಿದರು. ಕೊಪ್ಪಳದಲ್ಲಿ ಆಗಷ್ಟೇ ಉಂಡು ಬಂದಿದ್ದೆ. "ಉಂಡಿದ್ದೀನಿ, ಆದರೆ ನೀವು ಕರೆದರೆ ಬರ್ತೀನಿ" ಅಂದೆ. ಅವರು ಅಲ್ಲಿಂದಲೇ ಮನೆ ಕಡೆ ಕೂಗಿದರು. ಪುಂಡಿ ಪಲ್ಯ, ಎರಡು ಬಿಸಿ ರೊಟ್ಟಿ, ಮೊಸರು, ಗುರೆಳ್ಳು ಚಟ್ನಿ. ಅವರ ಹೆಂಡತಿ ಒಲೆ ಮುಂದೆ ಕೂತು ಬಡಿಯುವುದನ್ನು ನೋಡುತ್ತಾ ಉಂಡೆ. ಇನ್ನೊಂದು ಅಂದಾಗ ಬೇಡ ಅನ್ನಲಿಲ್ಲ. ಟೇಲರ್ ಅವ್ವನ ಮನೆಯ ಊಟಕ್ಕೆ ಇದು ಬದಲಿ ಅಲ್ಲ, ಅದು ನನಗೆ ಗೊತ್ತು.

ಈಗ ನಿಮ್ಮ ಪ್ರಶ್ನೆ. ನಯವಾಗಿ ತಪ್ಪಿಸಿಕೊಳ್ಳುವ ದಾರಿ ಇಲ್ಲ, ಹುಡುಕಲೂ ಬೇಡಿ. ಹೋಗಿ, ಇಲ್ಲದಿದ್ದರೆ ಆಗಲ್ಲ ಅಂತ ಬಾಯಿಬಿಟ್ಟು ಹೇಳಿ. 'ಇಲ್ರಿ, ನಾಳೆ ಬರೋದು ಸಂಜೆ ಆಗುತ್ತೆ' ಅಂದರೆ ಯಾರಿಗೂ ಬೇಜಾರಾಗುವುದಿಲ್ಲ. 'ಹಂಗಾದ್ರ ರಾತ್ರಿಗೆ ಬರ್ರಿ' ಅನ್ನುತ್ತಾರೆ ಅಷ್ಟೇ. ಆಗಲೂ ಆಗದಿದ್ದರೆ ಆಗಲೂ ಹೇಳಿ. ಬೇಜಾರಾಗುವುದು ಸುಳ್ಳು ಹೂಂಗುಟ್ಟುವಿಕೆಯಿಂದ.

'ಅವರಿಗೇನು ಲಾಭ, ಯಾಕೆ ಕರೀತಾರೆ' ಅಂತಲೂ ಕೇಳಿದ್ದೀರಿ. ಈ ಅನುಮಾನ ನನಗೆ ಒಪ್ಪಿಗೆ ಇಲ್ಲ. ಜನವರಿ ಸುಮಾರಿಗೆ ಕೊಪ್ಪಳದ ಗವಿಮಠದ ಜಾತ್ರೆ ನಡೆಯುತ್ತದೆ, ಸಾಧ್ಯವಾದರೆ ಆಗ ಹೋಗಿ ನೋಡಿ. ದಾಸೋಹಕ್ಕೆ ಅಂತ ಹಳ್ಳಿ ಹಳ್ಳಿಯಲ್ಲಿ ಹೆಂಗಸರು ಕೂತು ರೊಟ್ಟಿ ಬಡಿದು, ಟ್ರ್ಯಾಕ್ಟರ್, ಚಕ್ಕಡಿಗಳಲ್ಲಿ ಹೇರಿ ಕಳಿಸುತ್ತಾರೆ. ಲಕ್ಷಗಟ್ಟಲೆ ರೊಟ್ಟಿ. ಯಾರು ತಿನ್ನುತ್ತಾರೆ ಅಂತ ಬಡಿದವರಿಗೆ ಗೊತ್ತಿರುವುದಿಲ್ಲ. ಹಾಗಿರುವಾಗ ಎದುರಿಗೇ ನಿಂತ ನಿಮಗೆ ಊಟ ಹಾಕಲು ಅವರಿಗೆ ಬೇರೆ ಕಾರಣ ಬೇಕಾ?

ಅಂದಮೇಲೆ ಎಲ್ಲವೂ ಚಂದ ಅಂತ ಹೇಳಲ್ಲ. 'ನೀವು ಯಾವ ಪೈಕಿ' ಅಂತ ಕೆಲವರು ಕೇಳುತ್ತಾರೆ. ಅದು ಜಾತಿ ಕೇಳುವ ರೀತಿ. ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸಲ್ಲ. ಉತ್ತರ ಕೊಡಲೇಬೇಕು ಅಂತಿಲ್ಲ, ನಾನು ಕೊಡಲಿಲ್ಲ, ಯಾರೂ ಒತ್ತಾಯ ಮಾಡಲೂ ಇಲ್ಲ. ಒಬ್ಬಳೇ ಹೋಗುವ ಹುಡುಗಿಯಾಗಿದ್ದರೆ ಹಗಲು ಹೊತ್ತು ಹೋಗಿ, ಮನೆಯಲ್ಲಿ ಹೆಂಗಸರು ಇದ್ದಾರಾ ಕೇಳಿ, ರೂಮಿನವರಿಗೆ ಹೇಳಿ ಹೋಗಿ. ಊಟ ಆದಮೇಲೆ ದುಡ್ಡು ಕೊಡಲು ಮಾತ್ರ ಹೋಗಬೇಡಿ, ತಟ್ಟೆ ಕೆಳಗೆ ಇಟ್ಟು ಬರುವುದಂತೂ ಇನ್ನೂ ಕೆಟ್ಟದ್ದು. ಹಣ್ಣು ಒಯ್ಯಿರಿ, ಮಕ್ಕಳಿದ್ದರೆ ಬಣ್ಣದ ಪೆನ್ಸಿಲ್ ಒಯ್ಯಿರಿ.

ಕೊಪ್ಪಳದ ಲಾಡ್ಜಾ, ಕುಕನೂರಿನ ರೂಮಾ ಅಂತ ಕೇಳಿದ್ದಿರಿ. ಕುಕನೂರಲ್ಲೇ ಇರಿ. ಕೊಪ್ಪಳದಿಂದ ದಿನಾ ಓಡಾಡಿದರೆ ಸಂಜೆ ನಿಮಗೆ ಯಾರೂ ಸಿಗುವುದಿಲ್ಲ.

ಇನ್ನೊಂದು ಕೇಳಿಕೊಳ್ಳುತ್ತೇನೆ. ಬಸ್ ಸ್ಟ್ಯಾಂಡ್ ಹತ್ತಿರ, ರೀಚಾರ್ಜ್ ಅಂಗಡಿ ಪಕ್ಕದ ಚಾದಂಗಡಿಗೆ ಹೋಗಿ. ಮೊದಲು ಅಲ್ಲಿ ಟೇಲರ್ ಅಂಗಡಿ ಇಟ್ಟುಕೊಂಡಿದ್ದವರು ಹಬ್ಬಕ್ಕೋ ಮದುವೆಗೋ ಊರಿಗೆ ಬಂದಿದ್ದರಾ, ಅವರ ಅವ್ವ ಹೇಗಿದ್ದಾರೆ ಅಂತ ವಿಚಾರಿಸಿ. ಹಸಿರು ಬ್ಯಾಗಿನ ಬೆಂಗಳೂರು ಹುಡುಗಿ ಕೇಳಿದಳು ಅಂದರೆ ಗೊತ್ತಾಗುತ್ತದೆ. ನಂಬರ್ ಸಿಕ್ಕರೆ ಇಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ, ನನಗೆ ಮೆಸೇಜ್ ಮಾಡಿ. ಹುಬ್ಬಳ್ಳಿಗೆ ನಾನೇ ಹೋಗುತ್ತೇನೆ.