ಕಾಲೇಜಿನ ಅಂಕಗಳು ಎಷ್ಟು ದೂರ ಒಯ್ಯುತ್ತವೆ?

ಪ್ರಶ್ನೆ: ನನ್ನ ಮಗಳು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದಾಳೆ. ಪ್ರತಿ ಪಂದ್ಯದಲ್ಲೂ ತಂಡದ ಹೆಚ್ಚಿನ ಅಂಕಗಳು ಅವಳವೇ. ಅಮೆರಿಕದ ಕೇಟ್ಲಿನ್ ಕ್ಲಾರ್ಕ್ ಅವರಂತೆ ತಾನೂ ವೃತ್ತಿಪರ ಆಟಗಾರ್ತಿಯಾಗಬೇಕು ಎನ್ನುತ್ತಾಳೆ. ಅಂಕ ಗಳಿಸುವುದೊಂದೇ ಅದಕ್ಕೆ ಸಾಕೇ?
– ಒಬ್ಬ ತಾಯಿ, ಮಲ್ಲೇಶ್ವರ, ಬೆಂಗಳೂರು

ಉತ್ತರ: ಅಂಕಗಳಿಂದ ಬಾಗಿಲು ತೆರೆಯುತ್ತದೆ ಎಂಬುದು ನಿಜ. ಅಯೋವಾ ವಿಶ್ವವಿದ್ಯಾಲಯದ ಪರ ನಾಲ್ಕು ವರ್ಷ ಆಡಿದ ಕ್ಲಾರ್ಕ್ 3,951 ಅಂಕ ಗಳಿಸಿದರು. ಪುರುಷರ ಕಾಲೇಜು ತಂಡದ ಆಟಗಾರ ಪೀಟ್ ಮರಾವಿಚ್ ಅವರ ಹೆಸರಿನಲ್ಲಿ 1970ರಿಂದ ಉಳಿದಿದ್ದ 3,667 ಅಂಕಗಳ ಕಾಲೇಜು ದಾಖಲೆಯನ್ನು 2024ರ ಮಾರ್ಚ್‌ನಲ್ಲಿ ಮುರಿದರು. (ಮರಾವಿಚ್ ಆಡಿದ್ದು ಮೂರೇ ಋತು, 83 ಪಂದ್ಯ, ಆಗ ದೂರದಿಂದ ಬುಟ್ಟಿಗೆ ಹಾಕಿದರೆ ಮೂರು ಅಂಕ ಕೊಡುವ ಗೆರೆಯೂ ಇರಲಿಲ್ಲ. ಆದ್ದರಿಂದ ಇಬ್ಬರನ್ನೂ ತೂಗಿ ನೋಡುವುದು ಸರಿಯಲ್ಲವೆಂದೇ ನನ್ನ ಭಾವನೆ.) ಮರುತಿಂಗಳು, ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯ ತಂಡಗಳು ಹೊಸ ಆಟಗಾರ್ತಿಯರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ಇಂಡಿಯಾನಾ ಫೀವರ್ ತಂಡ ಅವರನ್ನು ಮೊದಲನೆಯವರಾಗಿ ಆರಿಸಿಕೊಂಡಿತು.

ನಿಮ್ಮ ಮಗಳು ಗಮನಿಸಬೇಕಾದದ್ದು ಅನಂತರದ ಭಾಗವನ್ನು. ಕನೆಕ್ಟಿಕಟ್ ಸನ್ ತಂಡದ ವಿರುದ್ಧದ ಮೊದಲ ವೃತ್ತಿಪರ ಪಂದ್ಯದಲ್ಲಿ ಕ್ಲಾರ್ಕ್ 20 ಅಂಕ ಗಳಿಸಿದರಾದರೂ, ಫೌಲ್‌ಗೆ ಸಿಗುವ ಫ್ರೀ ಥ್ರೋಗಳನ್ನು ಬಿಟ್ಟರೆ, ಹದಿನೈದು ಎಸೆತಗಳಲ್ಲಿ ಬುಟ್ಟಿ ಸೇರಿದ್ದು ಐದೇ. ಹತ್ತು ಬಾರಿ ಚೆಂಡನ್ನು ಎದುರಾಳಿಗೆ ಒಪ್ಪಿಸಿದರು, ತಂಡ 92–71ರಿಂದ ಸೋತಿತು. ಕಾಲೇಜಿನಲ್ಲಿ ಸಿಗುತ್ತಿದ್ದ ಜಾಗ ಅಲ್ಲಿ ಸಿಗಲಿಲ್ಲ. ಮೂರು ಅಂಕದ ಗೆರೆಯಾಚೆಯೇ ಮೈಮೇಲೆ ಬೀಳುವಷ್ಟು ಹತ್ತಿರ ನಿಂತು ತಡೆಯುವ ಬಲಿಷ್ಠ ಆಟಗಾರ್ತಿಯರಿದ್ದರು. ಆ ಋತುವಿನಲ್ಲಿ ಅವರನ್ನು ಎತ್ತಿ ಹಿಡಿದದ್ದು ಪಾಸ್: 337 ಅಸಿಸ್ಟ್‌ಗಳೊಡನೆ (ಜೊತೆಗಾರ್ತಿ ಅಂಕ ಗಳಿಸಲು ನೆರವಾದ ಪಾಸ್‌ಗಳು) ಲೀಗ್‌ನ ಒಂದು ಋತುವಿನ ದಾಖಲೆ ಬರೆದು, ವರ್ಷದ ಹೊಸ ಆಟಗಾರ್ತಿ ಎನಿಸಿಕೊಂಡರು. ತನ್ನ ಮೇಲೆ ಇಬ್ಬರು ಮುಗಿಬಿದ್ದಾಗ ಖಾಲಿ ನಿಂತಿರುವ ಗೆಳತಿ ಯಾರೆಂದು ಕಾಣಬಲ್ಲ ಕಣ್ಣು ಅವರಿಗೆ ಕಾಲೇಜಿನಲ್ಲೇ ಇತ್ತು; ಅಂಕಗಳ ಅಬ್ಬರದಲ್ಲಿ ಹಲವರು ಅದನ್ನು ಗಮನಿಸಿರಲಿಲ್ಲ.

ನಮ್ಮಲ್ಲಿ ಕಾಲೇಜಿನಿಂದ ನೇರ ಆಯ್ಕೆಯ ಅಂಥ ವ್ಯವಸ್ಥೆ ಬೇರೂರಿಲ್ಲ. ವಿಶ್ವವಿದ್ಯಾಲಯ ತಂಡ, ರಾಜ್ಯ ತಂಡ, ಬಳಿಕ ರೈಲ್ವೆಯಂಥ ಸಂಸ್ಥೆಗಳ ಕ್ರೀಡಾ ಕೋಟಾದ ನೌಕರಿ, ಇದೇ ಬಹುತೇಕ ಹುಡುಗಿಯರ ದಾರಿ, ಗೌರವದ ದಾರಿಯೂ ಹೌದು. 2017ರಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದದ್ದು ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ. ಫೈನಲ್‌ನಲ್ಲಿ ಕಜಕಸ್ತಾನದ ವಿರುದ್ಧ ಗೆಲುವಿನ ಅಂತರ ಎರಡೇ ಅಂಕ.

ಮುಂದಿನ ಪಂದ್ಯದಲ್ಲಿ ಒಂದು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ಅವಳ ಅಂಕಗಳ ಪಕ್ಕದಲ್ಲಿ ಅಸಿಸ್ಟ್‌ಗಳನ್ನೂ ಕಳೆದುಕೊಂಡ ಚೆಂಡುಗಳನ್ನೂ ಬರೆದುಕೊಂಡು, ಆ ಪುಟವನ್ನು ಅವಳ ಕೋಚ್‌ಗೆ ತೋರಿಸಿ ಮಾತನಾಡಿ.