ಬಯಾಪ್ಸಿಗೆ ಮೊದಲು ಹೆಂಡತಿಗೆ ಹೇಳಿ

ಪ್ರಶ್ನೆ: ನನಗೆ 34 ವರ್ಷ. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಿಲ್ಲ. ಹೆಂಡತಿಯ ಪರೀಕ್ಷೆಗಳೆಲ್ಲ ಸರಿ ಬಂದಿವೆ. ನನ್ನ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲವಂತೆ, ವೃಷಣದ ಬಯಾಪ್ಸಿ ಮಾಡಿಸಬೇಕಂತೆ. ಕ್ಯಾನ್ಸರ್ ಇರಬಹುದೇ? ಗಂಡಸುತನಕ್ಕೆ ಕುತ್ತು ಬಂದರೆ? ರಿಪೋರ್ಟನ್ನು ಮನೆಯಲ್ಲಿ ಯಾರಿಗೂ ತೋರಿಸಿಲ್ಲ. ಅಮ್ಮ ನನ್ನ ಹೆಂಡತಿಯನ್ನೇ ದೂರುತ್ತಾರೆ. ನಾನು ಸುಮ್ಮನಿದ್ದೇನೆ.

ಉತ್ತರ: ನಿಮ್ಮ ಪತ್ರದ ಕೊನೆಯ ಮಾತೇ ನನಗೆ ಜಾಸ್ತಿ ಸಂಕಟ ಕೊಟ್ಟಿತು. ಆದರೆ ಮೊದಲು ನಿಮ್ಮ ಭಯದ ವಿಷಯ.

ಬಯಾಪ್ಸಿ ಅಂದ ಕೂಡಲೇ ಕ್ಯಾನ್ಸರ್ ನೆನಪಾಗುತ್ತದೆ, ಅಲ್ವಾ? ಇಲ್ಲಿ ಹುಡುಕುತ್ತಿರುವುದು ಅದನ್ನಲ್ಲ. ವೃಷಣದಲ್ಲಿ ಕ್ಯಾನ್ಸರ್ ಗಡ್ಡೆಯ ಅನುಮಾನ ಬಂದರೆ ವೈದ್ಯರು ಸಾಮಾನ್ಯವಾಗಿ ಹೀಗೆ ಚೂರು ತೆಗೆಯುವುದೇ ಇಲ್ಲ. ಸ್ಕ್ಯಾನ್ ಮತ್ತು ರಕ್ತಪರೀಕ್ಷೆ ನೋಡಿ, ತೊಡೆಸಂದಿಯ ಕಡೆಯಿಂದ ಆಪರೇಷನ್ ಮಾಡುತ್ತಾರೆ. ನಿಮ್ಮಲ್ಲಿ ತಿಳಿಯಬೇಕಿರುವುದು ಬೇರೆ. ವೀರ್ಯಾಣು ತಯಾರಾಗುತ್ತಲೇ ಇಲ್ಲವೇ, ಅಥವಾ ತಯಾರಾದದ್ದು ಹೊರಬರುವ ದಾರಿ ಮುಚ್ಚಿದೆಯೇ?

ಮರಗಟ್ಟಿಸಿ, ಅಕ್ಕಿಕಾಳಿನಷ್ಟು ಚೂರು ತೆಗೆಯುತ್ತಾರೆ. ಕೆಲವು ದಿನ ನೋವು, ಊತ ಇರುತ್ತದೆ. ರಕ್ತ ಹೆಪ್ಪುಗಟ್ಟುವುದು, ಸೋಂಕು ತಗಲುವುದು ಅಪರೂಪಕ್ಕೆ ಆಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಗಂಡಸುತನ ಹೋಗುವುದಿಲ್ಲ. ವೃಷಣದಲ್ಲಿ ಗಂಡು ಹಾರ್ಮೋನ್ ಮಾಡುವ ಕೋಶಗಳು ಬೇರೆ, ವೀರ್ಯಾಣು ಬೆಳೆಯುವ ನಳಿಕೆಗಳು ಬೇರೆ. ವೀರ್ಯಾಣು ಇಲ್ಲದ ಎಷ್ಟೋ ಜನರಿಗೆ ಆಸೆ, ನಿಮಿರುವಿಕೆ ಎಲ್ಲ ಮಾಮೂಲಾಗಿಯೇ ಇರುತ್ತದೆ. ಜಾಸ್ತಿ ಅಂಗಾಂಶ ತೆಗೆದಾಗ ಮಾತ್ರ ಹಾರ್ಮೋನ್ ಕೆಲಕಾಲ ಇಳಿಯುವುದುಂಟು.

ಒಂದೇ ರಿಪೋರ್ಟ್ ನಂಬಿ ಆಪರೇಷನ್ ಟೇಬಲ್ ಹತ್ತಬೇಡಿ. ವೀರ್ಯ ಪರೀಕ್ಷೆ ಕನಿಷ್ಠ ಎರಡು ಸಲ ಆಗಬೇಕು. ಹಾರ್ಮೋನ್ ಪರೀಕ್ಷೆ, ವರ್ಣತಂತು ಪರೀಕ್ಷೆ ಆಗಿವೆಯೇ ಕೇಳಿ. ವೈ ವರ್ಣತಂತುವಿನ ಕೆಲವು ಭಾಗಗಳು ಪೂರ್ತಿ ಕಾಣೆಯಾಗಿದ್ದರೆ ವೃಷಣದಲ್ಲಿ ಹುಡುಕಿಯೂ ಪ್ರಯೋಜನವಿಲ್ಲ, ಸುಮ್ನೆ ಕೊಯ್ಸಿಕೊಂಡಂತಾಗುತ್ತದೆ. ಜಿಮ್‌ಗಾಗಿ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತಗೊಂಡಿದ್ದರೆ ಮುಚ್ಚಿಡಬೇಡಿ. ಅದೇ ವೀರ್ಯಾಣುಗಳನ್ನು ನಿಲ್ಲಿಸಿಬಿಡಬಲ್ಲದು.

ಮುಖ್ಯವಾಗಿ ಇನ್ನೊಂದು ಕೇಳಿ. ಚೂರಿನಲ್ಲಿ ವೀರ್ಯಾಣು ಸಿಕ್ಕರೆ ಅದೇ ಹೊತ್ತಿಗೆ ಫ್ರೀಜ್ ಮಾಡಿ ಇಡುತ್ತೀರಾ? ಆ ವ್ಯವಸ್ಥೆ ಇಲ್ಲದ ಕಡೆ ಮಾಡಿಸಿದರೆ ಮತ್ತೊಮ್ಮೆ ಕೊಯ್ಯಬೇಕಾಗಬಹುದು. ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚಿ ಸೇರಿಸುವ ಇಕ್ಸಿ ವಿಧಾನದಿಂದ 1992ರಿಂದಲೂ ಮಕ್ಕಳು ಹುಟ್ಟುತ್ತಿದ್ದಾರೆ. ಹಾಗಾಗಿ ಬೆರಳೆಣಿಕೆಯಷ್ಟು ಸಿಕ್ಕರೂ ಆಸೆಗೆ ಜಾಗವಿದೆ.

ಆದರೆ ಇಕ್ಸಿ ಅಂದರೆ ದಿನಗಟ್ಟಲೆ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರು, ಅಂಡಾಣು ತೆಗೆಸಿಕೊಳ್ಳುವವರು ನಿಮ್ಮ ಹೆಂಡತಿ. ಅವರಿಗೆ ಹೇಳದೆ ಈ ದಾರಿಯಲ್ಲಿ ಒಂದು ಹೆಜ್ಜೆಯೂ ಇಡಲಾಗದು. ಸುಳ್ಳು ದೂರನ್ನು ಅವರು ಒಬ್ಬರೇ ಹೊತ್ತಿರುವುದು ಇನ್ನೂ ದೊಡ್ಡ ಕಾರಣ. ಈ ವಾರವೇ ಇಬ್ಬರೇ ಇರುವಾಗ ರಿಪೋರ್ಟ್ ಅವರ ಕೈಗೆ ಕೊಡಿ. ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಕ್ಷಮೆ ಕೇಳಿ. ಅವರಿಗೆ ಸಿಟ್ಟು ಬರಬಹುದು, ಅಳಬಹುದು. ಸಮರ್ಥನೆಗೆ ಇಳಿಯದೆ ಕೇಳಿಸಿಕೊಳ್ಳಿ. ಮುಂದಿನ ಸಲ ಡಾಕ್ಟರ ಹತ್ತಿರ ಇಬ್ಬರೂ ಹೋಗಿ.

ಅಮ್ಮನಿಗೆ ಎಲ್ಲ ವಿವರ ಹೇಳಬೇಕಾಗಿಲ್ಲ, ಅದನ್ನು ನೀವಿಬ್ಬರೂ ಸೇರಿ ತೀರ್ಮಾನಿಸಿ. “ಅವಳಲ್ಲಿ ಯಾವ ತೊಂದರೆಯೂ ಇಲ್ಲಮ್ಮ, ಚಿಕಿತ್ಸೆ ಬೇಕಿರುವುದು ನನಗೆ” ಅನ್ನುವಷ್ಟು ಮಾತ್ರ ಹೆಂಡತಿಯ ಎದುರಿಗೇ ಹೇಳಿ.